ಹಿತ್ತಾಳೆ ಉಂಗುರದ ಲೆಕ್ಕ

ಪ್ರಶ್ನೆ: ನಮ್ಮದು ಶಿವಮೊಗ್ಗದ ಒಂದು ಹವ್ಯಾಸಿ ನಾಟಕ ತಂಡ. ಹ್ಯಾರಲ್ಡ್ ಬ್ರಿಗ್‌ಹೌಸ್ ಬರೆದ ‘ಹಾಬ್ಸನ್ಸ್ ಚಾಯ್ಸ್’ ನಾಟಕವನ್ನು ಕನ್ನಡಕ್ಕೆ ತಂದು ಆಡಬೇಕೆಂದಿದ್ದೇವೆ. ಓದಿನ ಹಂತದಲ್ಲೇ ವಾದ ಹತ್ತಿಕೊಂಡಿದೆ. ಮ್ಯಾಗಿಯ ಪಾತ್ರ ಮಾಡುವವರು, ‘ಇವಳಿಗೆ ಪ್ರೀತಿಯೇ ಇಲ್ಲ, ಒಳ್ಳೆಯ ಕೆಲಸಗಾರನೊಬ್ಬನನ್ನು ಮದುವೆಯ ಹೆಸರಿನಲ್ಲಿ ಕೊಂಡುಕೊಳ್ಳುತ್ತಾಳೆ’ ಎನ್ನುತ್ತಾರೆ. ಅಪ್ಪನ ಪಾತ್ರಧಾರಿಯ ಪ್ರಕಾರ ಇದು ಒಬ್ಬ ಕುಡುಕನ ತಮಾಷೆಯ ನಾಟಕ, ಅಷ್ಟೇ. ಯಾರ ಮಾತು ಸರಿ? ಕಥೆಯನ್ನು ನಮ್ಮ ಕಡೆಗೆ ಹೊಂದಿಸಿಕೊಳ್ಳಬಹುದೇ? ಆಡಲು ಯಾರ ಅನುಮತಿ ಬೇಕು?

ಉತ್ತರ: ಇಬ್ಬರೂ ಅರ್ಧರ್ಧ ಸರಿ. ಆದರೆ ಇಬ್ಬರೂ ನಾಟಕದಲ್ಲಿರುವ ಖಾತೆ ಪುಸ್ತಕವನ್ನು ತೆರೆದು ನೋಡಿಲ್ಲ ಎಂದು ನನಗೆ ಅನುಮಾನ. ಬೂಟಿನ ಅಂಗಡಿಯೊಂದರ ಕಥೆ ಇದು. ಇಲ್ಲಿ ಯಾರೇ ಬಾಯಿ ತೆರೆದರೂ ಸ್ವಲ್ಪ ಹೊತ್ತಿಗೆ ಪೌಂಡು, ಶಿಲ್ಲಿಂಗಿನ ಮಾತು ಬರುತ್ತದೆ. ಪ್ರೀತಿಯನ್ನು ಲೆಕ್ಕದ ಪಕ್ಕಕ್ಕಿಟ್ಟು ಹುಡುಕಿದರೆ ಸಿಗುವುದಿಲ್ಲ. ಅದು ಲೆಕ್ಕದ ಒಳಗೇ ಕುಳಿತಿದೆ.

ಕಥೆಯನ್ನು ಓದದವರಿಗಾಗಿ ಸ್ವಲ್ಪ ಹೇಳಿಬಿಡುತ್ತೇನೆ. ಕಾಲ 1880. ಇಂಗ್ಲೆಂಡಿನ ಲ್ಯಾಂಕಶೈರ್ ಪ್ರಾಂತ್ಯ, ಮ್ಯಾಂಚೆಸ್ಟರಿಗೆ ಅಂಟಿಕೊಂಡಿರುವ ಸಾಲ್ಫರ್ಡ್ ಪಟ್ಟಣ, ಚಾಪೆಲ್ ಬೀದಿ. ಹೆನ್ರಿ ಹೊರೇಶಿಯೊ ಹಾಬ್ಸನ್ ಎಂಬ ವಿಧುರನ ಬೂಟಿನ ಅಂಗಡಿ. ಮೂವರು ಹೆಣ್ಣುಮಕ್ಕಳು: ಮೂವತ್ತರ ಮ್ಯಾಗಿ, ಇಪ್ಪತ್ತಮೂರರ ಆಲಿಸ್, ಇಪ್ಪತ್ತೊಂದರ ವಿಕಿ. ಅಂಗಡಿ ನಡೆಸುವವರು ಈ ಮೂವರು, ಅದರಲ್ಲೂ ಮ್ಯಾಗಿ. ಸಂಬಳ ಸೊನ್ನೆ. ಅಪ್ಪ ಹಗಲೆಲ್ಲ ‘ಮೂನ್‌ರೇಕರ್ಸ್’ ಎಂಬ ಹೆಂಡದ ಮನೆಯಲ್ಲಿ. ಕಿರಿಯರಿಬ್ಬರಿಗೆ ತಾನೇ ಗಂಡು ನೋಡುತ್ತೇನೆ ಎನ್ನುವ ಅವನು, ನಿನ್ನ ಮದುವೆಯ ವಯಸ್ಸು ದಾಟಿಹೋಯಿತು ಎಂದು ಮ್ಯಾಗಿಯ ಮುಖಕ್ಕೇ ನಗುತ್ತಾನೆ. ಗಂಡಿಗೆ ಹಣ ಕೊಡಬೇಕಾಗುತ್ತದೆ ಎಂದು ಗೆಳೆಯ ಜಿಮ್ ಹೀಲರ್ ನೆನಪಿಸಿದ ಕೂಡಲೇ ಆ ಕಿರಿಯರ ಮದುವೆಯ ಮಾತೂ ನಿಂತುಹೋಗುತ್ತದೆ. ಮ್ಯಾಗಿ ಮಾಡುವುದೇನೆಂದರೆ, ನೆಲಮಾಳಿಗೆಯಲ್ಲಿ ಬೂಟು ಹೊಲಿಯುವ ವಿಲ್ಲಿ ಮಾಸಪ್ ಎಂಬ ಬೆದರುಪುಕ್ಕನನ್ನು ಮೇಲೆ ಕರೆದು, ನೀನು ನನ್ನನ್ನು ಮದುವೆಯಾಗಬೇಕು ಎಂದು ತಿಳಿಸುತ್ತಾಳೆ. ಕೇಳುವುದಿಲ್ಲ, ತಿಳಿಸುತ್ತಾಳೆ. ಇಬ್ಬರೂ ಬೇರೆ ಅಂಗಡಿ ಹಾಕುತ್ತಾರೆ. ವರ್ಷ ಕಳೆಯುವುದರೊಳಗೆ ಹಾಬ್ಸನ್ನನ ವ್ಯಾಪಾರವೂ ಆರೋಗ್ಯವೂ ನೆಲ ಕಚ್ಚುತ್ತವೆ. ವಿಲ್ಲಿ ಬಂದು ಷರತ್ತು ಹಾಕಿ ಹಳೆಯ ಅಂಗಡಿಯನ್ನು ತನ್ನ ಹೆಸರಿಗೆ ತೆಗೆದುಕೊಳ್ಳುತ್ತಾನೆ.

ಶೀರ್ಷಿಕೆಯ ಬಗ್ಗೆ ಒಂದು ಮಾತು. ಇದನ್ನು ‘ಅತ್ತ ದರಿ ಇತ್ತ ಪುಲಿ’ ಎಂದು ಅನುವಾದಿಸಿರುವುದನ್ನು ನಾನು ವಿದ್ಯಾರ್ಥಿಗಳ ಉತ್ತರ ಪತ್ರಿಕೆಗಳಲ್ಲಿ ಕಂಡಿದ್ದೇನೆ. ತಪ್ಪು. ದರಿ, ಪುಲಿ ಎಂದರೆ ಎರಡಾದವು. ಹದಿನಾರು, ಹದಿನೇಳನೆಯ ಶತಮಾನಗಳಲ್ಲಿ ಕೇಂಬ್ರಿಜ್‌ನಲ್ಲಿ ಥಾಮಸ್ ಹಾಬ್ಸನ್ ಎಂಬವನು ಕುದುರೆಗಳನ್ನು ಬಾಡಿಗೆಗೆ ಕೊಡುತ್ತಿದ್ದ. ಲಾಯದ ಬಾಗಿಲಿಗೆ ಹತ್ತಿರ ನಿಂತ ಕುದುರೆಯನ್ನೇ ಗಿರಾಕಿ ಒಯ್ಯಬೇಕು, ಇಲ್ಲವೇ ನಡೆದು ಹೋಗಬೇಕು. ಒಳ್ಳೆಯ ಕುದುರೆಗಳನ್ನೇ ಎಲ್ಲರೂ ಓಡಿಸಿ ಸುಸ್ತು ಮಾಡದಿರಲಿ ಎಂದು ಅವನು ಕಂಡುಕೊಂಡ ಉಪಾಯ ಅದು. ಇದನ್ನು ತೆಗೆದುಕೋ ಇಲ್ಲವೇ ಬಿಡು ಎನ್ನುವುದು ‘ಹಾಬ್ಸನ್ನನ ಆಯ್ಕೆ’ ಎಂಬ ನುಡಿಗಟ್ಟಾಯಿತು. ನಾಟಕದಲ್ಲಿ ಮೊದಲು ಬಾಗಿಲ ಬಳಿಯ ಕುದುರೆ ವಿಲ್ಲಿಯ ಮುಂದೆ ನಿಲ್ಲುತ್ತದೆ, ಕೊನೆಗೆ ಹಾಬ್ಸನ್ನನ ಮುಂದೆ.

ಈಗ ನಿಮ್ಮ ಮ್ಯಾಗಿಯ ಆಕ್ಷೇಪಕ್ಕೆ ಬರೋಣ. ಮೊದಲ ಅಂಕವನ್ನು ನಿಧಾನವಾಗಿ ಓದಿಸಿ. ಆಲಿಸ್‌ಳನ್ನು ನೋಡಲೆಂದು ಆಲ್ಬರ್ಟ್ ಪ್ರಾಸರ್ ಎಂಬ ಯುವಕ ಬರುತ್ತಾನೆ. ಬೂಟಿನ ದಾರ ಕೊಳ್ಳುವುದು ಅವನ ನೆಪ. ಮ್ಯಾಗಿ ಅವನನ್ನು ಕೂರಿಸಿ, ಕಾಲಿನ ಬೂಟು ಕಳಚಿ, ಒಂದು ಪೌಂಡಿನ ಹೊಸ ಜೋಡಿ ತೊಡಿಸಿ, ಹಳೆಯದನ್ನು ರಿಪೇರಿಗೆ ಇಟ್ಟುಕೊಂಡು ಕಳಿಸುತ್ತಾಳೆ. ಪ್ರೇಕ್ಷಕರು ಬಿದ್ದು ಬಿದ್ದು ನಗುತ್ತಾರೆ. ನಗುವಿನ ನಡುವೆ ನಾಟಕಕಾರ ನಮಗೆ ತೋರಿಸಿದ್ದು ಏನೆಂದರೆ, ಅಂಗಡಿಯಲ್ಲಿ ಹಣ ಹುಟ್ಟುವುದು ಯಾರ ಕೈಯಲ್ಲಿ ಎಂಬುದನ್ನು. ಅದಾದ ಮೇಲೆ ಶ್ರೀಮತಿ ಹೆಪ್‌ವರ್ತ್ ಎಂಬ ಸಿರಿವಂತ ಗಿರಾಕಿ ಬರುತ್ತಾಳೆ. ತನ್ನ ಬೂಟು ಮಾಡಿದವನು ಯಾರು ಎಂದು ಕೇಳುತ್ತಾಳೆ. ನೆಲದಲ್ಲಿರುವ ಕದ ತೆರೆಯುತ್ತದೆ, ವಿಲ್ಲಿಯ ತಲೆ ಮೇಲೆ ಬರುತ್ತದೆ. ಏನೋ ತಪ್ಪಾಗಿದೆ, ಏಟು ಬೀಳುತ್ತದೆ ಎಂದೇ ಅವನು ಹೆದರಿರುತ್ತಾನೆ. ಆಕೆ ಹೇಳುವುದು ಬೇರೆ: ಇಷ್ಟು ಒಳ್ಳೆಯ ಬೂಟು ಎಲ್ಲೂ ಸಿಕ್ಕಿಲ್ಲ, ನೀನು ಈ ಅಂಗಡಿ ಬಿಟ್ಟರೆ ನನಗೆ ತಿಳಿಸು. ಕೈಗೆ ತನ್ನ ವಿಳಾಸದ ಚೀಟಿ ಕೊಡುತ್ತಾಳೆ. ಅದನ್ನು ಸಲೀಸಾಗಿ ಓದುವುದೂ ಅವನಿಗೆ ಕಷ್ಟ.

ಮ್ಯಾಗಿಯ ಪ್ರಸ್ತಾಪ ಬರುವುದು ಇದೆಲ್ಲ ಆದ ಮೇಲೆ. ಅವಳು ಮೊದಲು ಕೇಳುವುದು, ನಿನ್ನ ಕೈ ತೋರಿಸು. ಕೊಳೆಯಾಗಿವೆ ಎಂದು ಅವನು ಹಿಂದೆಗೆಯುತ್ತಾನೆ. ಕೊಳೆಯಾದರೇನು, ಚರ್ಮಕ್ಕೆ ಹೀಗೆ ರೂಪ ಕೊಡುವ ಕೈ ಇನ್ನಾರದೂ ಇಲ್ಲ ಎನ್ನುತ್ತಾಳೆ. ಈ ದೃಶ್ಯವನ್ನು ನಾನು ತರಗತಿಯಲ್ಲಿ ಓದಿಸುವಾಗ ಒಂದು ಸಲ ಕೆಟ್ಟಿತ್ತು. ಮ್ಯಾಗಿಯ ಮಾತು ಓದಿದ ಹುಡುಗಿ ಸಂತೆಯಲ್ಲಿ ಎತ್ತಿನ ಹಲ್ಲು ನೋಡುವ ದಲ್ಲಾಳಿಯ ದನಿಯಲ್ಲಿ ಓದಿದಳು, ಎಲ್ಲರೂ ನಕ್ಕರು, ದೃಶ್ಯ ಸತ್ತಿತು. ಇನ್ನೊಮ್ಮೆ ಓದು, ಈ ಸಲ ಅವನ ಕೈಯನ್ನು ನಿಜವಾಗಿ ಹಿಡಿದು ನೋಡು ಎಂದೆ. ಎದುರಿಗಿದ್ದ ಹುಡುಗನ ಬೆರಳ ತುದಿಗೆ ಪೆನ್ನಿನ ಶಾಯಿ ಅಂಟಿತ್ತು. ಅವಳು ಅದನ್ನು ನೋಡುತ್ತಾ ಅದೇ ಮಾತನ್ನು ಹೇಳಿದಳು. ಆಗ ಯಾರೂ ನಗಲಿಲ್ಲ. ಆ ಕೈಗಳನ್ನು ಅಲ್ಲಿಯವರೆಗೆ ಯಾರೂ ಹಾಗೆ ನೋಡಿರಲಿಲ್ಲ ಎನ್ನುವುದು ಕೂತಿದ್ದವರಿಗೆಲ್ಲ ತಿಳಿಯಿತು.

ಮ್ಯಾಗಿಯ ಲೆಕ್ಕ ಬರೀ ವ್ಯಾಪಾರದ್ದಲ್ಲ ಎನ್ನುವುದಕ್ಕೆ ನನಗೆ ಸಿಗುವ ಕಾರಣ ಇದು. ಆ ಅಂಗಡಿಯಲ್ಲಿ ಲೆಕ್ಕಕ್ಕೆ ಬಾರದ ದುಡಿಮೆ ಎರಡು ಕಡೆ ಇದೆ: ಗಲ್ಲಾಪೆಟ್ಟಿಗೆಯ ಹಿಂದೆ ಅವಳದು, ನೆಲಮಾಳಿಗೆಯಲ್ಲಿ ಅವನದು. ಒಂದಕ್ಕೆ ಸಂಬಳವೇ ಇಲ್ಲ, ಇನ್ನೊಂದಕ್ಕೆ ಪುಡಿಗಾಸು. ತನ್ನ ಬೆಲೆಯನ್ನು ಯಾರೂ ಕಟ್ಟಲಿಲ್ಲ ಎಂದು ಅರಿತವಳಿಗೆ ಮಾತ್ರ ಇನ್ನೊಬ್ಬನ ಬೆಲೆ ಹಾಗೆ ಕಣ್ಣಿಗೆ ಬೀಳುತ್ತದೆ. ಅಪ್ಪನೆದುರು ನಿಂತು ಅವಳು ಇಡುವ ಬೇಡಿಕೆಯನ್ನೂ ಗಮನಿಸಿ. ಮದುವೆಗೆ ಒಪ್ಪಿಗೆ ಕೇಳುವುದಿಲ್ಲ. ದಿನಕ್ಕೆ ಎಂಟು ಗಂಟೆಯ ಕೆಲಸ, ವಾರಕ್ಕೆ ಸಂಬಳ ಕೇಳುತ್ತಾಳೆ. ಹಾಬ್ಸನ್ ಸೊಂಟದ ಪಟ್ಟಿ ಬಿಚ್ಚಿ ವಿಲ್ಲಿಗೆ ಬಾರಿಸುತ್ತಾನೆ. ಅದುವರೆಗೂ ಈ ಮದುವೆಯಿಂದ ಹೇಗೆ ತಪ್ಪಿಸಿಕೊಳ್ಳಲಿ ಎಂದು ಒದ್ದಾಡುತ್ತಿದ್ದ ವಿಲ್ಲಿ, ಏಟು ಬಿದ್ದ ಕೂಡಲೇ ತಿರುಗಿ ಮ್ಯಾಗಿಗೆ ಮುತ್ತಿಡುತ್ತಾನೆ. ಪಟ್ಟಿ ಇನ್ನೊಮ್ಮೆ ಮೇಲೆದ್ದರೆ ಇಬ್ಬರೂ ಈ ಅಂಗಡಿಯಿಂದ ಹೊರಟೆವು ಎನ್ನುತ್ತಾನೆ. ನಿಮ್ಮ ವಿಲ್ಲಿ ಇದನ್ನು ವೀರಾವೇಶದಿಂದ ಹೇಳದಂತೆ ನೋಡಿಕೊಳ್ಳಿ. ತನ್ನ ಬಾಯಿಂದ ಇಂಥ ಮಾತು ಬಂತೇ ಎಂದು ಅವನೇ ಬೆಚ್ಚಿಬಿದ್ದಿದ್ದಾನೆ.

ಮೂರನೆಯ ಅಂಕದಲ್ಲಿ, ಮದುವೆಯ ರಾತ್ರಿ, ಮ್ಯಾಗಿಯ ಮನಸ್ಸು ಒಂದೇ ಒಂದು ಗಳಿಗೆ ಬಾಗಿಲು ತೆರೆಯುತ್ತದೆ. ಓಲ್ಡ್‌ಫೀಲ್ಡ್ ರಸ್ತೆಯ ನೆಲಮಾಳಿಗೆಯೇ ಅವರ ಅಂಗಡಿ, ಅದೇ ಮನೆ. ಕುರ್ಚಿ, ಸೋಫಾ ಎಲ್ಲ ತವರಿನ ಹಳೆಯ ಸಾಮಾನಿನ ಕೋಣೆಯಿಂದ ಕೈಗಾಡಿಯಲ್ಲಿ ಬಂದದ್ದು. ಬಂಡವಾಳ, ಶ್ರೀಮತಿ ಹೆಪ್‌ವರ್ತ್ ನೂರಕ್ಕೆ ಇಪ್ಪತ್ತರ ಬಡ್ಡಿಗೆ ಕೊಟ್ಟ ನೂರು ಪೌಂಡು. ಅತಿಥಿಗಳು ಹೋದ ಮೇಲೆ ಮ್ಯಾಗಿ ಮೇಜಿನ ಮೇಲಿನ ಹೂಗಳನ್ನು ತೆಗೆಯುತ್ತಾಳೆ. ಒಂದನ್ನು ಮಾತ್ರ ಉಳಿಸಿಕೊಂಡು, ಬೈಬಲ್ಲಿನ ಹಾಳೆಗಳ ನಡುವೆ ಒತ್ತಿಡುತ್ತೇನೆ, ಈ ದಿನದ ನೆನಪಿಗೆ ಎನ್ನುತ್ತಾಳೆ. ಆಮೇಲೆ ಗಂಡನನ್ನು ಸ್ಲೇಟಿನ ಮುಂದೆ ಕೂರಿಸುತ್ತಾಳೆ. ಹೌದು, ಮದುವೆಯ ರಾತ್ರಿಯಲ್ಲೇ. ಮೇಲ್ತುದಿಯಲ್ಲಿ ಯಾವಾಗಲೂ ಜಾಗ ಇರುತ್ತದೆ ಎಂಬ ವಾಕ್ಯದ ಕಾಪಿ ಮುಗಿದಿರುತ್ತದೆ, ನಾಳೆಗೆ ಬೇರೆ ವಾಕ್ಯ. ಪಾಠ ಮುಗಿದ ಮೇಲೆ ಅವಳು ಮಲಗುವ ಕೋಣೆಗೆ ಹೋಗುತ್ತಾಳೆ. ವಿಲ್ಲಿ ಸೋಫಾದ ಮೇಲೆ ಉರುಳಿಕೊಳ್ಳುತ್ತಾನೆ. ಅವಳು ಮೇಣದ ಬತ್ತಿ ಹಿಡಿದು ಹೊರಬಂದು, ಅವನ ಕಿವಿ ಹಿಡಿದು ಒಳಗೆ ಕರೆದೊಯ್ಯುತ್ತಾಳೆ. ಪರದೆ.

ಕಿವಿ ಹಿಡಿಯುವುದಕ್ಕೆ ಚಪ್ಪಾಳೆ ಖಂಡಿತ ಬೀಳುತ್ತದೆ, ನಿಮ್ಮ ಕಲಾವಿದೆ ಅದಕ್ಕೆ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ತಾಲೀಮಿನ ಸಮಯವನ್ನು ಆ ಹೂವಿಗೆ ಕೊಡಲಿ.

ಅಪ್ಪನ ಪಾತ್ರದ ವಿಷಯ. ಕುಡುಕನ ತಮಾಷೆ ಎನ್ನುವ ಭಾವನೆ ಬಹುಮಟ್ಟಿಗೆ 1954ರಲ್ಲಿ ಡೇವಿಡ್ ಲೀನ್ ಮಾಡಿದ ಚಲನಚಿತ್ರದಿಂದ ಬಂದದ್ದು. ಚಾರ್ಲ್ಸ್ ಲಾಟನ್ ಹಾಬ್ಸನ್ ಆಗಿದ್ದರು. ಚಿತ್ರಕ್ಕೆ ಬರ್ಲಿನ್ ಉತ್ಸವದ ಚಿನ್ನದ ಕರಡಿ ಬಂತು. ಲಾಟನ್ ತೆರೆ ತುಂಬುವ ನಟ, ಅವರು ಇರುವಾಗ ಬೇರೆಯವರು ಕಾಣಿಸುವುದೇ ಕಷ್ಟ. ಅದರ ನಡುವೆಯೂ ಬ್ರೆಂಡಾ ಡಿ ಬಾಂಜಿ ಮ್ಯಾಗಿಯಾಗಿ, ಜಾನ್ ಮಿಲ್ಸ್ ವಿಲ್ಲಿಯಾಗಿ ಗಟ್ಟಿಯಾಗಿ ನಿಂತಿರುವುದು ಅವರ ಹೆಚ್ಚುಗಾರಿಕೆ. ಆದರೆ 1916ರಲ್ಲಿ, ನಾಟಕದ ಲಂಡನ್ನಿನ ಮೊದಲ ಪ್ರದರ್ಶನದಲ್ಲಿ ಹಾಬ್ಸನ್ ಆದವರು ನಾರ್ಮನ್ ಮೆಕಿನೆಲ್. ಅದಕ್ಕೆ ನಾಲ್ಕೇ ವರ್ಷ ಹಿಂದೆ, 1912ರಲ್ಲಿ, ಗೀತಾ ಸೋವರ್ಬಿ ಎಂಬ ಇಂಗ್ಲಿಷ್ ಲೇಖಕಿಯ ‘ರದರ್‌ಫರ್ಡ್ ಅಂಡ್ ಸನ್’ ನಾಟಕದಲ್ಲಿ ಗಾಜಿನ ಕಾರ್ಖಾನೆಯ ಕಟುಕ ಯಜಮಾನನ ಪಾತ್ರ ಮಾಡಿದ್ದವರು ಇದೇ ಮೆಕಿನೆಲ್. ಆ ಯಜಮಾನ ಕಾರ್ಖಾನೆಗಾಗಿ ತನ್ನ ಮಕ್ಕಳೆಲ್ಲರನ್ನೂ ಹಿಂಡಿ ಹಾಕುತ್ತಾನೆ. ಒಬ್ಬೊಬ್ಬರೇ ಮನೆ ಬಿಟ್ಟ ಮೇಲೆ, ಸೊಸೆ ಮೇರಿ ಅವನೆದುರು ಮೇಜಿನ ಆಚೆ ಕುಳಿತು ಚೌಕಾಸಿಗೆ ಇಳಿಯುತ್ತಾಳೆ: ಹತ್ತು ವರ್ಷ ನನ್ನನ್ನೂ ಮಗುವನ್ನೂ ಸಾಕು, ಆಮೇಲೆ ಮೊಮ್ಮಗ ನಿನ್ನ ಕಾರ್ಖಾನೆಗೆ. ಎರಡೂ ನಾಟಕಗಳು ಮುದುಕನೆದುರು ಕರಾರು ಮಾಡುವಲ್ಲಿಗೆ ಬಂದು ನಿಲ್ಲುತ್ತವೆ. ಒಂದರಲ್ಲಿ ನಗುತ್ತೇವೆ, ಇನ್ನೊಂದರಲ್ಲಿ ಮೈ ನಡುಗುತ್ತದೆ. ಇದೇ ಸಾಲಿನಲ್ಲಿ ಗ್ರಾನ್‌ವಿಲ್ ಬಾರ್ಕರ್ ಬರೆದ ‘ದಿ ವಾಯ್ಸಿ ಇನ್‌ಹೆರಿಟನ್ಸ್’ (1905) ಕೂಡ ಇದೆ. ಅಲ್ಲಿ ಮಗನಿಗೆ ಪಿತ್ರಾರ್ಜಿತವಾಗಿ ಬರುವುದು ಗಿರಾಕಿಗಳ ಹಣವನ್ನು ಅಪ್ಪ ನುಂಗಿದ ಲೆಕ್ಕ. ಒಂದೇ ನಟ ರದರ್‌ಫರ್ಡನೂ ಆಗಿ ಹಾಬ್ಸನ್ನನೂ ಆದನೆಂದರೆ, ಹಾಬ್ಸನ್ನನ ಒಳಗೆ ಗಟ್ಟಿ ಕಲ್ಲು ಇರಲೇಬೇಕು. ನಿಮ್ಮ ಹಿರಿಯ ನಟರಿಗೆ ಇದನ್ನು ಹೇಳಿ ನೋಡಿ. ಆ ಬೆಲ್ಟಿನ ಏಟು ನಿಜವಾದ ಏಟಾಗಬೇಕು.

ಹಾಗೆಂದು ನಗು ಬೇಡವೆಂದಲ್ಲ. ತಾನು ಹೊತ್ತಿಗೆ ಮುಂಚೆಯೇ ಕುಡಿಯಲು ಕೂರುವವನು, ಅಳಿಯಂದಿರು ಮಾತ್ರ ಹೆಂಡ ಮುಟ್ಟದವರಾಗಿರಬೇಕು ಎನ್ನುತ್ತಾನೆ. ಎರಡನೆಯ ಅಂಕಕ್ಕೆ ಬರುವಾಗ ಅವನು ಅಮಲಿನಲ್ಲಿ ಬೀನ್‌ಸ್ಟಾಕ್ ಎಂಬ ಧಾನ್ಯದ ವ್ಯಾಪಾರಿಯ ನೆಲಮಾಳಿಗೆಯ ಕದದೊಳಗೆ ಬಿದ್ದು, ಮೂಟೆಗಳ ಮೇಲೆ ನಿದ್ದೆ ಹೊಡೆಯುತ್ತಿರುತ್ತಾನೆ. ಬೀನ್‌ಸ್ಟಾಕ್ ಮದ್ಯ ವಿರೋಧಿ, ಅವನ ಮಗ ಫ್ರೆಡಿಗೆ ವಿಕಿಯ ಮೇಲೆ ಮನಸ್ಸು. ಪ್ರಾಸರ್ ವಕೀಲ. ಮ್ಯಾಗಿ ಈ ಮೂರನ್ನೂ ಹೆಣೆದು, ಅತಿಕ್ರಮ ಪ್ರವೇಶಕ್ಕೆ ಪರಿಹಾರ ಕೊಡಬೇಕೆಂಬ ನೋಟಿಸು ತಯಾರಿಸುತ್ತಾಳೆ. ಪತ್ರಿಕೆಯಲ್ಲಿ ಹೆಸರು ಬಂದರೆ ಮಾನ ಹೋಯಿತು ಎಂಬ ಹಾಬ್ಸನ್ನನ ಭಯವೇ ಅವಳ ಬಂಡವಾಳ. ಆಲ್ಬರ್ಟ್ ಸಾವಿರ ಪೌಂಡು ಎನ್ನುತ್ತಾನೆ, ಅಷ್ಟು ಹಿಂಡಿದರೆ ಅಂಗಡಿ ಉಳಿಯದು ಎಂದು ಮ್ಯಾಗಿ ಅದನ್ನು ಐನೂರಕ್ಕೆ ಇಳಿಸುತ್ತಾಳೆ. ಅಪ್ಪ ಕೊಡಲೊಲ್ಲೆ ಎಂದಿದ್ದ ತಂಗಿಯರ ಮದುವೆಯ ಹಣ ಅಪ್ಪನ ಕಿಸೆಯಿಂದಲೇ ಬಂತು. ಇದನ್ನು ಮೋಸ ಎನ್ನುವವರೂ ಇದ್ದಾರೆ. ನಾನಂತೂ ಸಂಬಳದ ಬಾಕಿ ವಸೂಲಿ ಎನ್ನುತ್ತೇನೆ.

ರಂಗಸಜ್ಜಿಕೆಯ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಆ ನೆಲದ ಕದವನ್ನು ಖರ್ಚೆಂದು ಕೈಬಿಡಬೇಡಿ. ವಿಲ್ಲಿ ನಾಟಕಕ್ಕೆ ಬರುವುದು ನೆಲದಡಿಯಿಂದ. ಹಾಬ್ಸನ್ ಬೀಳುವುದು ನೆಲದಡಿಗೆ, ಅದು ವೇದಿಕೆಯ ಹೊರಗೆ ನಡೆದರೂ. ಮೂರನೆಯ ಅಂಕ ಪೂರ್ತಿ ನೆಲಮಾಳಿಗೆ. ಕೊನೆಯ ಅಂಕದಲ್ಲಿ ವಿಲ್ಲಿ ಹಾಬ್ಸನ್ನನ ಮನೆಯೊಳಗೆ ನಿಂತು ಕರಾರು ಹೇಳುತ್ತಾನೆ. ವೇದಿಕೆಯ ಮಟ್ಟ ಹೆಚ್ಚಿಸಲು ಆಗದಿದ್ದರೆ ಪಕ್ಕದಲ್ಲಿ ಎರಡು ಮೆಟ್ಟಿಲು ಕೆಳಗಿಳಿಸಿಯಾದರೂ ತೋರಿಸಿ. ಪಕ್ಕದ ಪರದೆಯ ಮರೆಯಿಂದ ನಡೆದು ಬರುವ ವಿಲ್ಲಿ ಬೇರೆಯೇ ಮನುಷ್ಯ.

ಇನ್ನು, ಕಥೆಯನ್ನು ಇಲ್ಲಿಗೆ ತರಬಹುದೇ? ನನ್ನ ಸಲಹೆ, ತರಬೇಡಿ. ಕಾರಣ ಬೂಟು. ಸಾಲ್ಫರ್ಡಿನಲ್ಲಿ ಹಾಬ್ಸನ್ನನಿಗೂ ವಿಲ್ಲಿಗೂ ನಡುವೆ ಇರುವುದು ಹಣ, ಅಂತಸ್ತು, ಅಕ್ಷರ. ಕಸುಬು ಇಬ್ಬರದೂ ಒಂದೇ. ನಮ್ಮಲ್ಲಿ ಚರ್ಮದ ಕೆಲಸ ಎಂದ ಕೂಡಲೇ ಜಾತಿ ಎದುರು ಬಂದು ನಿಲ್ಲುತ್ತದೆ. ಅಂಗಡಿಯ ಒಡೆಯನನ್ನು ಒಂದು ಜಾತಿಯವನನ್ನಾಗಿ, ಕೆಲಸಗಾರನನ್ನು ಇನ್ನೊಂದು ಜಾತಿಯವನನ್ನಾಗಿ ಮಾಡಿದರೆ, ಮ್ಯಾಗಿ ಕೈ ಹಿಡಿದು ನೋಡುವ ದೃಶ್ಯಕ್ಕೆ ಬೇರೆಯೇ ತೂಕ ಬರುತ್ತದೆ. ಆಮೇಲಿನ ಬೆಲ್ಟಿನ ಏಟನ್ನು ಯಾವ ನಗೆಯೂ ತಾಳಿಕೊಳ್ಳದು. ಅಂಥ ನಾಟಕ ಬರೆಯಬೇಕಾದದ್ದೇ, ಆದರೆ ಅದನ್ನು ಹೊಸದಾಗಿ ಬರೆಯಬೇಕು, ಬ್ರಿಗ್‌ಹೌಸನ ಹೆಗಲ ಮೇಲೆ ಹೇರಬಾರದು. ಇಬ್ಬರನ್ನೂ ಒಂದೇ ಜಾತಿಯವರನ್ನಾಗಿ ಮಾಡಿ ಆ ಮಾತನ್ನೇ ಎತ್ತದಿದ್ದರೆ, ಪ್ರೇಕ್ಷಕರು ಎರಡೂವರೆ ಗಂಟೆ ಅದನ್ನೇ ಯೋಚಿಸುತ್ತಾ ಕೂರುತ್ತಾರೆ. ಕಸುಬನ್ನು ಬದಲಿಸಿ ಜವಳಿ ಅಂಗಡಿ ಮಾಡೋಣವೆಂದರೆ ಕಾಲಿನ ಅಳತೆ, ಬೂಟು ಕಳಚಿ ತೊಡಿಸುವ ಆಟ ಎಲ್ಲವೂ ಹೋಯಿತು.

ಇನ್ನೊಂದು ಕಾರಣ ಆ ಇಸವಿ. ಗಂಡನಿರುವ ಹೆಣ್ಣಿನ ಗಳಿಕೆ ಅವಳದೇ ಎಂದು ಇಂಗ್ಲೆಂಡಿನ ಕಾಯಿದೆ ಒಪ್ಪಿದ್ದು 1870ರಲ್ಲಿ. ಆಸ್ತಿಯನ್ನೂ ತನ್ನದೇ ಎಂದು ಇಟ್ಟುಕೊಳ್ಳುವ ಪೂರ್ಣ ಹಕ್ಕು ಬಂದದ್ದು 1882ರ ಕಾಯಿದೆಯಿಂದ, ಅದು ಜಾರಿಯಾದದ್ದು 1883ರ ಜನವರಿಯಲ್ಲಿ. 1880 ಇವೆರಡರ ನಡುವಿನ ಕಾಲ. ನೆಲಮಾಳಿಗೆಯ ಅಂಗಡಿಗೆ ವಿಲ್ಲಿಯ ಹೆಸರನ್ನೇ ಬರೆಸುವ ಮ್ಯಾಗಿಯನ್ನು ಈ ಹಿನ್ನೆಲೆಯಲ್ಲಿ ನೋಡಿ. ಇನ್ನು ನಾಟಕ ರಂಗಕ್ಕೆ ಬಂದದ್ದು ಮಹಾಯುದ್ಧದ ನಡುವೆ: ಮೊದಲು ನ್ಯೂಯಾರ್ಕಿನ ಪ್ರಿನ್ಸೆಸ್ ಥಿಯೇಟರಿನಲ್ಲಿ 1915ರ ನವೆಂಬರ್, ಆಮೇಲೆ ಲಂಡನ್ನಿನ ಅಪೊಲೊದಲ್ಲಿ 1916ರ ಜೂನ್. ಲಂಡನ್ನಿನಲ್ಲಿ 246 ಪ್ರದರ್ಶನ ಕಂಡಿತು. ಗಂಡಸರು ಕಂದಕಗಳಲ್ಲಿದ್ದರು, ಕಾರ್ಖಾನೆ, ಕಚೇರಿಗಳಲ್ಲಿ ಅವರ ಜಾಗಕ್ಕೆ ಹೆಂಗಸರು ಬಂದಿದ್ದರು. ಎರಡು ವರ್ಷ ಕಳೆದು, 1918ರಲ್ಲಿ, ಅಲ್ಲಿನ ಹೆಂಗಸರಿಗೆ ಮತದಾನದ ಹಕ್ಕು ಬಂದಾಗ ಇಟ್ಟ ವಯಸ್ಸಿನ ಮಿತಿ ಮೂವತ್ತು, ಅದೂ ಆಸ್ತಿಯ ಷರತ್ತಿನೊಂದಿಗೆ. ಹಾಬ್ಸನ್ ಮುದಿಯಾದೆ ಎಂದು ನಕ್ಕ ವಯಸ್ಸು ಅದೇ ಎನ್ನುವುದು ಕಾಕತಾಳೀಯವಿರಬಹುದು, ನನಗಂತೂ ಪ್ರತಿ ಸಲ ಖುಷಿ ಕೊಡುತ್ತದೆ.

ಬ್ರಿಗ್‌ಹೌಸ್ ಊರಿನವನೇ, 1882ರಲ್ಲಿ ಸಾಲ್ಫರ್ಡಿನ ಪಕ್ಕದ ಎಕಲ್ಸ್‌ನಲ್ಲಿ ಹುಟ್ಟಿದವನು, ಹದಿಹರೆಯದಲ್ಲೇ ಬಟ್ಟೆ ವ್ಯಾಪಾರದ ಕಚೇರಿಗೆ ದುಡಿಯಲು ಹೋದವನು. ಅವನಂಥವರಿಗೆ ನಾಟಕ ಬರೆಯಲು ವೇದಿಕೆ ಸಿಕ್ಕಿದ್ದು ಮ್ಯಾಂಚೆಸ್ಟರಿನ ಗೇಯ್ಟಿ ರಂಗಮಂದಿರದಲ್ಲಿ. ಅದನ್ನು 1908ರಲ್ಲಿ ಕೊಂಡು, ಊರಿನದೇ ಮಾತು, ಊರಿನದೇ ಜನ ಇರುವ ನಾಟಕಗಳನ್ನು ಆಡಿಸಿದವರು ಆನಿ ಹಾರ್ನಿಮನ್. ಅವರ ಹಣ ಬಂದದ್ದು ಮನೆತನದ ಚಹಾ ವ್ಯಾಪಾರದಿಂದ. ಕುಟುಂಬದ ಅಂಗಡಿಯ ನಾಟಕಕ್ಕೆ ದಾರಿ ಮಾಡಿಕೊಟ್ಟದ್ದೂ ಒಂದು ಕುಟುಂಬದ ಅಂಗಡಿಯೇ.

ಅನುವಾದದ ಮಾತು. ಮೂಲದ ಭಾಷೆ ಲ್ಯಾಂಕಶೈರಿನ ಆಡುಮಾತು. ಇಲ್ಲಿ ನಮ್ಮ ತಂಡಗಳು ಮಾಡುವ ಒಂದು ಹಳೆಯ ತಪ್ಪಿದೆ: ಎಲ್ಲರಿಗೂ ಪುಸ್ತಕದ ಕನ್ನಡ ಕೊಟ್ಟು, ಪೆದ್ದ ಎನಿಸಿಕೊಂಡವನಿಗೆ ಮಾತ್ರ ಯಾವುದೋ ಒಂದು ಪ್ರಾಂತ್ಯದ ಮಾತು ಕೊಡುವುದು. ವಿಲ್ಲಿಯ ಬಾಯಿಗೆ ಧಾರವಾಡದ ಮಾತನ್ನೋ ಮಂಡ್ಯದ ಮಾತನ್ನೋ ಹಾಕಿ ನಗಿಸಿದರೆ ಧಾರವಾಡಕ್ಕೂ ಮಂಡ್ಯಕ್ಕೂ ಅವಮಾನ, ನಾಟಕಕ್ಕೂ ನಷ್ಟ. ಮೂಲದಲ್ಲಿ ಹಾಬ್ಸನ್ನನೂ ಅದೇ ನೆಲದ ಮಾತಿನವನು, ನಡುನಡುವೆ ಭಾಷಣದ ಗತ್ತು ಎಳೆದುಕೊಳ್ಳುತ್ತಾನೆ ಅಷ್ಟೇ. ನಿಮ್ಮ ತಂಡಕ್ಕೆ ಮಲೆನಾಡಿನ ಮಾತು ಸಹಜವಾಗಿ ಬರುವುದಾದರೆ ಹಾಬ್ಸನ್ನನ ಮನೆಯವರಿಗೂ ಕೆಲಸಗಾರರಿಗೂ ಅದನ್ನೇ ಕೊಡಿ. ಬೇರೆ ದನಿ ಬೇಕಾದದ್ದು ಸ್ಕಾಟ್ಲೆಂಡಿನ ವೈದ್ಯ ಮ್ಯಾಕ್‌ಫರ್ಲೇನನಿಗೆ, ಮತ್ತೆ ಶ್ರೀಮತಿ ಹೆಪ್‌ವರ್ತ್‌ಗೆ. ವಿಲ್ಲಿಯ ಭಾಷೆ ಕೊನೆಯ ಅಂಕದಲ್ಲಿ ಸ್ವಲ್ಪ ಬಿಗಿಯಾಗಬೇಕು. ಸ್ಲೇಟಿನ ಫಲ ಅದು.

ಕೊನೆಯ ಅಂಕದ ಚೌಕಾಸಿಯನ್ನು ಅವಸರದಲ್ಲಿ ಮುಗಿಸಬೇಡಿ. ಕುಡಿತದಿಂದ ದೇಹ ಕೆಟ್ಟ ಹಾಬ್ಸನ್ನನಿಗೆ ಮ್ಯಾಗಿಯನ್ನು ಮನೆಗೆ ಕರೆಸಿಕೋ ಎಂದು ವೈದ್ಯ ಹೇಳಿರುತ್ತಾನೆ. ಮದುವೆಯಾಗಿ ಬೆಚ್ಚಗಿರುವ ಆಲಿಸ್, ವಿಕಿ ಇಬ್ಬರೂ ಅಪ್ಪನನ್ನು ನೋಡಿಕೊಳ್ಳಲು ಒಲ್ಲೆನೆನ್ನುತ್ತಾರೆ. ಮೂವರು ಹೆಣ್ಣುಮಕ್ಕಳ ಮುದಿ ತಂದೆ ಎಂದ ಕೂಡಲೇ ಶೇಕ್ಸ್‌ಪಿಯರನ ಲಿಯರ್ ದೊರೆ ನೆನಪಾಗುವುದು ಸಹಜ, ಆದರೆ ಇಲ್ಲಿ ಉಳಿಯುವವಳು ಹಿರಿಯಳು, ಅದೂ ಷರತ್ತಿನ ಮೇಲೆ. ಹಳೆಯ ಕೆಲಸಕ್ಕೆ ಬಾ ಎಂದು ಹಾಬ್ಸನ್ ಕರೆದಾಗ ವಿಲ್ಲಿ ಎದ್ದು ಹೊರಡುತ್ತಾನೆ. ಶ್ರೀಮತಿ ಹೆಪ್‌ವರ್ತ್‌ಳ ಸಾಲ ಆಗಲೇ ತೀರಿದೆ, ಒಳ್ಳೆಯ ಗಿರಾಕಿಗಳು ನೆಲಮಾಳಿಗೆಗೇ ಬರತೊಡಗಿದ್ದಾರೆ. ನಾಮಫಲಕದ ಮೇಲೆ ಯಾರ ಹೆಸರು ಎಂಬ ಜಗಳದಲ್ಲಿ ಮ್ಯಾಗಿಯೇ ‘ಮಾಸಪ್ ಮತ್ತು ಹಾಬ್ಸನ್’ ಎಂದು ರಾಜಿಗೆ ಬಂದರೂ ಅವನು ಬಗ್ಗುವುದಿಲ್ಲ: ‘ವಿಲಿಯಂ ಮಾಸಪ್, ಹಿಂದೆ ಹಾಬ್ಸನ್’. ಅಪ್ಪ ಹೊರಹೋದ ಮೇಲೆ ತಾನು ಇಷ್ಟು ಮಾತಾಡಿದೆನೇ ಎಂದು ಅವನೇ ಗಾಬರಿಗೊಳ್ಳುತ್ತಾನೆ. ಮ್ಯಾಗಿಗೆ ಇದು ಅಚ್ಚರಿಯೇ ಅಲ್ಲ.

ಆಗ ಉಂಗುರದ ಮಾತು ಬರುತ್ತದೆ. ಮದುವೆಗೆ ಅವಳು ಅಂಗಡಿಯ ಸಾಮಾನಿನಿಂದಲೇ ಒಂದು ಹಿತ್ತಾಳೆ ಉಂಗುರ ಆರಿಸಿಕೊಂಡಿದ್ದಳು. ಈಗ ಚಿನ್ನದ್ದು ಕೊಡಿಸುತ್ತೇನೆ ಎನ್ನುತ್ತಾನೆ ವಿಲ್ಲಿ. ಚಿನ್ನದ್ದನ್ನು ಜನ ನೋಡಲಿ ಎಂದು ಹಾಕಿಕೊಳ್ಳುತ್ತೇನೆ, ಹಿತ್ತಾಳೆಯದು ಮಾತ್ರ ನೀನು ತೊಡಿಸಿದಲ್ಲೇ ಇರುತ್ತದೆ ಎನ್ನುತ್ತಾಳೆ ಅವಳು. ಸಿರಿ ತಲೆಗೇರಿದ ದಿನ ಇಬ್ಬರೂ ಕುಳಿತು ಅದನ್ನು ನೋಡಬಹುದು, ನಾವು ಯಾರೆಂದು ಮರೆಯದ ಹಾಗೆ. ಇಷ್ಟಾದ ಮೇಲೂ ಪ್ರೀತಿಯಿಲ್ಲ ಎನ್ನುವವರ ಜೊತೆ ನಾನು ವಾದಕ್ಕೆ ಕೂರುವುದಿಲ್ಲ. ನಿಮ್ಮ ಮ್ಯಾಗಿಗೆ ಬಣ್ಣ ಬಳಿದ ಪ್ಲಾಸ್ಟಿಕ್ ಉಂಗುರ ಕೊಡಬೇಡಿ. ಪಾತ್ರೆ ಅಂಗಡಿಗಳ ಬೀದಿಯಲ್ಲಿ ಹುಡುಕಿದರೆ ನಿಜವಾದ ಹಿತ್ತಾಳೆಯದೇ ಸಿಗುತ್ತದೆ. ತಾಲೀಮಿನ ಮೊದಲ ದಿನದಿಂದ ಹಾಕಿಕೊಳ್ಳಲಿ, ಬೆವರಿಗೆ ಬೆರಳು ಹಸಿರುಗಟ್ಟಲಿ.

ಅನುಮತಿಯ ವಿಷಯ ಸರಳ. ಬ್ರಿಗ್‌ಹೌಸ್ ತೀರಿಕೊಂಡದ್ದು 1958ರಲ್ಲಿ. ಭಾರತದಲ್ಲಿ ಲೇಖಕನ ಮರಣದ ಮುಂದಿನ ವರ್ಷದಿಂದ ಅರವತ್ತು ವರ್ಷ ಹಕ್ಕು ಉಳಿಯುತ್ತದೆ, ಅಂದರೆ 2018ರ ಕೊನೆಗೆ ಮುಗಿದಿದೆ. ಇಲ್ಲಿ ಅನುವಾದಿಸಿ ಆಡಲು ಅಡ್ಡಿಯಿಲ್ಲ. ಬ್ರಿಟನ್ನಿನಲ್ಲಿ ಎಪ್ಪತ್ತು ವರ್ಷದ ಲೆಕ್ಕ, ಅಲ್ಲಿನ ಕನ್ನಡ ಸಂಘ ಕರೆದರೆ 2028 ಮುಗಿಯುವವರೆಗೆ ಅನುಮತಿ ಪಡೆದೇ ಹೋಗಬೇಕು. ಚಲನಚಿತ್ರದಲ್ಲಿ ಹಾಬ್ಸನ್ ರಸ್ತೆಯ ನೀರಿನಲ್ಲಿ ಚಂದ್ರನ ಬಿಂಬವನ್ನು ಅಟ್ಟಿಕೊಂಡು ಹೋಗುವ ಸೊಗಸಾದ ದೃಶ್ಯ ನಾಟಕದ್ದಲ್ಲ, ಚಿತ್ರ ಮಾಡಿದವರದು. ಅದಕ್ಕೆ ಕೈ ಹಾಕಬೇಡಿ.